ಮಾಳಿಗೆಯ ಮೇಲೆ ಇನ್ನೊಬ್ಬ ತಾತ್ಯಾಸಾಹೇಬ

"ಭಾನುವಾರದೊಳಗ ಈ ಪಾರಿವಾಳಗೋಳ್ನ ಊರ ಬಿಡಸಲಿಲ್ಲಂದ್ರ ನನ್ನ ಹೆಸರು ತಾತ್ಯಾಸಾಹೇಬನಽ ಅಲ್ಲ!"

ಗೋಕಾಕದ ಬಟ್ಟೆ ವ್ಯಾಪಾರಿ ತಾತ್ಯಾಸಾಹೇಬರ ಈ ಘೋರ ಪ್ರತಿಜ್ಞೆಗೆ ಕಾರಣವಿತ್ತು. ಓಣಿಯಲ್ಲಿ ಮೊದಲು ಸೋಲಾರ್ ಹಾಕಿಸಿದ ಮಹಾಪುರುಷರು ಅವರೇ. ಸೂರ್ಯ ತಮ್ಮ ಮನೆಯಲ್ಲಿ ನೀರು ಕಾಯಿಸುವ ಆಳು ಎಂಬ ಗತ್ತು! ಆದರೆ ಪಾರಿವಾಳಗಳು ಪ್ಯಾನಲ್ಲಿನ ಅಡಿಯಲ್ಲಿ ಸಂಸಾರ ಹೂಡಿ, ಮೇಲಿನ ಗಾಜಿಗೆ ಹಿಕ್ಕೆಯ ಸುಣ್ಣ ಬಳಿದು, ಸೂರ್ಯನನ್ನೇ ಕೆಲಸದಿಂದ ತೆಗೆದಿದ್ದವು. ಚಳಿಗಾಲದಲ್ಲಿ ನಲ್ಲಿ ತಿರುವಿದರೆ ಹಿಮದಂಥ ನೀರು!

"ಗೂಡು ಕಿತ್ತು ಒಗೀತೇನಿ!"

"ಒಳಗ ತತ್ತಿ ಅದಾವ್ರಿ," ಎಂದರು ಹೆಂಡತಿ ಜಿನ್ನವ್ವ. "ಕೈ ಹಚ್ಚಿ ನೋಡ್ರಿ, ಇವತ್ತಿನಿಂದ ನಿಮ್ಮ ಊಟ ಅಂಗಡ್ಯಾಗಽ!"

"ಭಾನುವಾರ ಘೋಡಗೇರಿಯವರು ನಮ್ಮ ಮಗಳು ಪ್ರಣಿತಾನ್ನ ನೋಡಾಕ ಬರತಾರ. ಅವರ ಮುಂದ ನಾ ಗಡಗಡ ನಡಗಕೋತ ಕೂಡಲೇನು?"

"ಹೆದರಸ್ರಿ. ಹೊಡೀಬ್ಯಾಡ್ರಿ."

ಹೆದರಿಸುವುದೇನು ಮಹಾ! ಅಂಗಡಿಯಲ್ಲಿ ಮೂಗು ಮುರಿದು ಮೂಲೆ ಸೇರಿದ್ದ ಆಳೆತ್ತರದ ಗೊಂಬೆ ಮಾಳಿಗೆ ಏರಿತು. ಅದಕ್ಕೆ ತಮ್ಮದೇ ಧೋತರ, ತಮ್ಮದೇ ಕರಿ ಕೋಟು, ತಮ್ಮದೇ ಬಿಳಿ ಟೊಪ್ಪಿಗೆ ತೊಡಿಸಿ, ಓಣಿಗೆ ಬೆನ್ನು ಮಾಡಿ ಪ್ಯಾನಲ್ ಪಕ್ಕ ನಿಲ್ಲಿಸಿದರು. ಪಾರಿವಾಳಗಳು ಮೊದಲು ಹೌಹಾರಿದವು. ಆಮೇಲೆ ಪರಿಚಯ ಮಾಡಿಕೊಂಡವು. ಕಡೆಗೆ ಟೊಪ್ಪಿಗೆಯ ಮೇಲೇ ಬಿಡಾರ ಹೂಡಿದವು!

ಭಾನುವಾರ ಬಂತು. ಬಿಸಿಲೇರಿದ ಮೇಲಾದರೂ ನೀರು ಕಾದೀತೆಂದು ಕಾದು ಕಾದು, ತಾತ್ಯಾಸಾಹೇಬರು ಬಚ್ಚಲಿಗೆ ಹೊಕ್ಕು ಮೈತುಂಬ ಸಾಬೂನು ಹಚ್ಚಿಕೊಂಡರು. ಅದೇ ಗಳಿಗೆಗೆ ಘೋಡಗೇರಿಯ ಜೀಪು ಬಂದು ನಿಂತಿತು. ಹುಡುಗನ ತಂದೆ ಜಿನದತ್ತ ಇಳಿದು ಮೇಲೆ ನೋಡಿದರು. ಬಿಸಿಲಲ್ಲಿ ಅಲುಗಾಡದೆ ನಿಂತ ಮನುಷ್ಯ! ತಲೆಯ ಮೇಲೊಂದು, ಹೆಗಲ ಮೇಲೆರಡು ಪಾರಿವಾಳ!

"ಆಯಿ," ಎಂದು ತಾಯಿಯ ಕಿವಿಯಲ್ಲಿ ಪಿಸುಗುಟ್ಟಿದರು, "ಸಾಹೇಬ್ರು ಕಾಯೋತ್ಸರ್ಗದ ಧ್ಯಾನಕ್ಕ ನಿಂತಾರ! ಮೈಮ್ಯಾಲೆ ಹಕ್ಕಿ ಕೂತ್ರೂ ದೇಹದ ಖಬರ ಇಲ್ಲ!"

ಮುದುಕಿ ಚಪ್ಪಲಿ ಕಳಚಿ ಓಣಿಯಲ್ಲೇ ಕೈ ಮುಗಿದಳು. "ಇಂಥಾ ತಪಸ್ವಿ ಮನಿತನ ಎಲ್ಲಿ ಸಿಗತೈತೋ? ಹುಡುಗಿನ್ನ ಆಮ್ಯಾಲೆ ನೋಡೂಣು, ಮೊದಲ ಪಕ್ಕಾ ಮಾಡು!"

ಬಾಗಿಲಿಗೆ ಬಂದ ಜಿನ್ನವ್ವ ಅವರು ಗೊಂಬೆಗೆ ಕೈ ಮುಗಿಯುವುದನ್ನು ಕಂಡರು. "ಒಳಗ ಬರ್ರಿ..."

"ಶ್ಶ್! ಅವರ ಧ್ಯಾನ ಮುಗೀಲಿರಿ!"

ಖರೆ ಹೇಳಿದರೆ ಮಗಳ ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ಧ್ಯಾನಸ್ಥರು ಈಗಲೋ ಆಗಲೋ ಬಚ್ಚಲಿನಿಂದ ಹೊರಬರುತ್ತಾರೆ! ಜಿನ್ನವ್ವ ಬಾಯಿ ತೆರೆಯುವಷ್ಟರಲ್ಲಿ ಒಳಗೆ ನಲ್ಲಿ ತಿರುಗಿತು. ಹಿಮದ ನೀರು ಬೆನ್ನಿಗಪ್ಪಳಿಸಿತು.

ಸೊಂಟಕ್ಕೆ ಟವೆಲ್ಲು, ತಲೆಗೆ ನೊರೆಯ ಕಿರೀಟ, ಕೈಯಲ್ಲಿ ಕಸಬರಿಗೆ! ಹಿತ್ತಲ ಮೆಟ್ಟಿಲೇರಿ ತಾತ್ಯಾಸಾಹೇಬರು ಮಾಳಿಗೆಯ ಮೇಲೆ ಅವತರಿಸಿದರು.

"ಹಲ್ಕಟ್‌ಗೋಳಽ! ನನ್ನ ಮಾಳಿಗಿ, ನನ್ನ ಟೊಪಗಿ, ನನ್ನ ಬಿಸಿನೀರು!"

ಕಸಬರಿಗೆ ಬೀಸಿದರು. ಪಾರಿವಾಳಗಳು ಭರ್ರೆಂದು ಹಾರಿದವು. ಏಟು ತಪಸ್ವಿಯ ಕುತ್ತಿಗೆಗೆ ಬಿತ್ತು. ಮೊದಲೇ ಸಡಿಲಿದ್ದ ರುಂಡ ಟೊಪ್ಪಿಗೆ ಸಮೇತ ಕಳಚಿ, ಓಣಿಗೆ ಬಿದ್ದು, ಉರುಳುತ್ತ ಹೋಗಿ ಆಯಿಯ ಪಾದಕ್ಕೆ ಮುಟ್ಟಿತು!

"ಅಯ್ಯೋ! ಖೂನಿ!" ಜಿನದತ್ತ ಜೀಪಿನ ಹಿಂದೆ ಮಾಯವಾದರು.

ತಾತ್ಯಾಸಾಹೇಬರು ನೊರೆ ಸುರಿಸುತ್ತ ಕೆಳಗೋಡಿ ಬಂದರು. "ಅದು... ನಾ ಅಲ್ಲರಿ. ನಾನು ಇವನು! ಅದು ಗೂಡು ಕಟ್ಟಿದ ಪಾರಿವಾಳ ಹೆದರಸಾಕ ನಿಲ್ಲಿಸಿದ ಗೊಂಬಿ!"

ಆಯಿ ರುಂಡವನ್ನೆತ್ತಿ ಮಣ್ಣು ಒರೆಸಿದಳು. ಆಮೇಲೆ ತಾತ್ಯಾಸಾಹೇಬರತ್ತ ತಿರುಗಿದಳು.

"ಇಷ್ಟೆಲ್ಲಾ ನಾಟಕ ಯಾಕ? ಗೂಡು ಕಿತ್ತು ಒಗದಿದ್ರ ಮುಗೀತಿತ್ತಲ್ಲ?"

"ತತ್ತಿ ಅದಾವರಿ," ಎಂದರು ಜಿನ್ನವ್ವ ಮೆಲ್ಲಗೆ. "ನಾನಽ ಬ್ಯಾಡ ಅಂದೆ."

ಮುದುಕಿಯ ಮುಖ ಅರಳಿತು. "ಹಂಗಾರ ಸಂಬಂಧ ಪಕ್ಕಾ. ಇಂಥಾ ತಾಯಿಯ ಮಗಳು ನಮಗ ಬೇಕು." ಆಮೇಲೆ ತಾತ್ಯಾಸಾಹೇಬರನ್ನು ನೊರೆಯಿಂದ ಟವೆಲ್ಲಿನ ತನಕ ಅಳೆದು ನೋಡಿ, ರುಂಡವನ್ನು ಜಿನ್ನವ್ವನ ಕೈಗಿತ್ತಳು.

"ಆದ್ರ ಲಗ್ನದ ಮಾತುಕತಿಗೆ ಇವರನ್ನಽ ಕಳಸವಾ. ಇವರು ಭಾಳ ಶಾಂತ ಅದಾರ!"