ಹತ್ತು ಗಂಟೆಯ ನಿದ್ದೆ

ಸಾಜಿದಾ ಹತ್ತು ಗಂಟೆಗೆ ನಿದ್ದೆ ಮಾಡಲಿಲ್ಲ. ಆದದ್ದು ಇಷ್ಟೇ. ಏಳು ತಿಂಗಳ ಕೂಸು. ತೊಟ್ಟಿಲಲ್ಲಿ ಮಲಗಿಸಿ, ಕೈಕಾಲಿನ ಮೇಲೆ ಬಟ್ಟೆಪಟ್ಟಿ ಬಿಗಿದರೆ ಸಾಕು, ದಿನವೂ ಹತ್ತಕ್ಕೆ ಸರಿಯಾಗಿ ಕಣ್ಣು ಮುಚ್ಚುತ್ತಿದ್ದಳು. ಇವತ್ತು ಒಮ್ಮೆ ಕಿಲಕಿಲ ನಕ್ಕಳು, ಮರುಕ್ಷಣ ಮರ್ಗಿಲಾನ್ ಊರಿನ ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

ಅಪ್ಪ ಎರ್ಗಶನ ಎದೆ ಅವನದೇ ಮಗ್ಗದ ಲಾಳಿಯಂತೆ ಓಡಾಡತೊಡಗಿತು. ಹೆಂಡತಿ ಮುನಿರಾ ಶಾಲೆಯ ಕೆಲಸಕ್ಕೆ ಮರಳಿದ ಮೊದಲ ದಿನ ಇದು. ಅತ್ತೆ ನಿನ್ನೆಯೇ ಫೋನಿನಲ್ಲಿ ಹೇಳಿಬಿಟ್ಟಿದ್ದರು: "ನಾಲ್ಕು ಗಂಟೆಗೆ ಬರ್ತೀನಿ ಅಳಿಯಂದ್ರೇ. ಕೂಸು ನೆಮ್ಮದಿಯಾಗಿದ್ರೆ ಸರಿ. ಇಲ್ಲಾಂದ್ರೆ ನಮ್ಮೂರಿಗೆ ಎತ್ಕೊಂಡು ಹೋಗ್ತೀನಿ. ಮುಂದಿನ ನವ್ರೂಜ್ ಹಬ್ಬಕ್ಕೆ ಬಂದು ನೋಡ್ಕೊಳ್ಳಿ."

ಮಗಳಿಲ್ಲದ ಮನೆಯನ್ನು ನೆನೆದು ಎರ್ಗಶ್ ಬೆವರಿದ. ಕಾಲಿನಿಂದ ತೊಟ್ಟಿಲು ತೂಗಿದ, ತೂಗಿದ, ಹನ್ನೊಂದೂವರೆಯಾಯಿತು.

ಗೋಡೆಯಾಚೆಯ ರಿಸೋಲತ್ ಅಜ್ಜಿ ಇಸಿರಿಕ್ ಸೊಪ್ಪಿನ ಹೊಗೆ ಕಾರುವ ಬಾಣಲೆ ಹಿಡಿದು ಬಂದರು. "ದೃಷ್ಟಿ ಕಣೋ! ಕೆಂಪು ಟೋಪಿ ಹಾಕಿ ಸಂತೆಗೆ ಯಾಕೋ ಕರ್ಕೊಂಡು ಹೋದೆ?"

ಹೊಗೆಗೆ ಸಾಜಿದಾ ಒಂದು ಸೀನು ಸೀನಿ ನಕ್ಕಳು. ಎರ್ಗಶ್ ಮಾತ್ರ ಕೆಮ್ಮಿ ಕೆಮ್ಮಿ ಗೋಡೆ ಹಿಡಿದ.

"ಮನೆಗೆ ಬೆಂಕಿ ಬಿತ್ತೇನೋ ಅನ್ಕೊಂಡೆ!" ಎನ್ನುತ್ತಾ ಎದುರುಮನೆಯ ರೊಟ್ಟಿ ಸುಡುವ ಟೋಹಿರ್ ನೀರಿನ ಬಕೆಟ್ ಸಮೇತ ನುಗ್ಗಿದ. ಮಗುವಿನ ಬಾಯಿ ಇಣುಕಿ ನೋಡಿದ. "ದೃಷ್ಟಿಯೂ ಇಲ್ಲ ಗಿಷ್ಟಿಯೂ ಇಲ್ಲ. ಹಲ್ಲು ಬರ್ತಿದೆ."

"ನಿಂಗೇನೋ ಗೊತ್ತು? ನಿನ್ನ ಮಕ್ಕಳನ್ನ ಮಲಗಿಸ್ತಿದ್ದೋಳು ನಿನ್ನ ಹೆಂಡ್ತಿ."

"ನನ್ನ ಗೊರಕೆ ಕೇಳ್ಕೊಂಡೇ ಮಲಗ್ತಿದ್ವು ಅಜ್ಜಿ!"

ಜಗಳ ಏರಿತು. ಸಾಜಿದಾ ದೊಂಬರಾಟ ನೋಡುವವರಂತೆ ಬಾಯಿ ತೆರೆದು ನೋಡಿದಳು. ಅವರು ಉಸಿರು ತೆಗೆದುಕೊಳ್ಳಲು ನಿಂತದ್ದೇ ತಡ, ಮತ್ತೆ ಕಿರುಚಿದಳು.

"ನಿಲ್ಲಿಸ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ! ಬೈದಾಡ್ತಾ ಇರಿ!" ಎಂದು ಎರ್ಗಶ್ ಗೋಗರೆದ.

ಎಷ್ಟೆಂದು ಬೈದಾಡಿಯಾರು? ಎರಡು ಗಂಟೆಯ ಹೊತ್ತಿಗೆ ಬೈಗುಳ ಟೋಹಿರನ ತಾತನವರೆಗೂ ಹೋಗಿ ಬಂದು, ಗಂಟಲು ಒಣಗಿ, ಇಬ್ಬರೂ ಮನೆಗೆ ನಡೆದರು.

ಉಳಿದದ್ದು ಅವನು ಮತ್ತು ಅವಳು. ಎರ್ಗಶ್ ಬಗ್ಗಿ ಮಗಳನ್ನು ಸರಿಯಾಗಿ ನೋಡಿದ್ದು ಆಗಲೇ. ಪುಟ್ಟ ಮುಷ್ಟಿಗಳು ಪಟ್ಟಿಯಡಿ ಒದ್ದಾಡುತ್ತಿದ್ದವು, ಸೊಂಟ ಮಗ್ಗುಲಾಗಲು ಹೆಣಗುತ್ತಿತ್ತು.

"ನಿದ್ದೆ ಬೇಡ ಅಂತಲ್ಲ, ಕಟ್ಟು ಬೇಡವಾ ತಾಯಿ?"

ಪಟ್ಟಿ ಬಿಚ್ಚಿ ಕೆಳಗಿಳಿಸಿದ. ಸಾಜಿದಾ ಮಗುಚಿಕೊಂಡಳು, ಹೊಟ್ಟೆ ಎಳೆದುಕೊಂಡು ತೆವಳಿದಳು, ಅಪ್ಪನ ಚಪ್ಪಲಿಯ ರುಚಿ ನೋಡಿದಳು. ದಣಿದು, ಮೂಲೆಯ ಕೌದಿಗಳ ರಾಶಿಯ ಹಿಂದೆ ಕೆನ್ನೆಯೂರಿ ಮಲಗಿಯೇಬಿಟ್ಟಳು. ಗಂಟೆ ಮೂರೂವರೆ!

ಗೆದ್ದ ಸಮಾಧಾನದಲ್ಲಿ ಎರ್ಗಶ್ ಗೋಡೆಗೊರಗಿದ. ಕಣ್ಣು ಮುಚ್ಚಿತು. ಆದರೆ ಬೆಳಗಿನಿಂದ ತೂಗಿದ ಕಾಲಿಗೆ ಕೂಸು ಮಲಗಿದ್ದನ್ನು ಹೇಳುವವರು ಯಾರು? ಅದು ತೊಟ್ಟಿಲು ತೂಗುತ್ತಲೇ ಇತ್ತು.

"ಅಯ್ಯಯ್ಯೋ! ಖಾಲಿ ತೊಟ್ಟಿಲು ತೂಗ್ತಿದ್ದೀರಾ! ಕೂಸೆಲ್ಲಿ?"

ಅತ್ತೆಯ ಕೂಗಿಗೆ ಎರ್ಗಶನೂ ಎದ್ದ, ಸಾಜಿದಾಳೂ ಎದ್ದು ಅಳತೊಡಗಿದಳು. ಅತ್ತೆ ಕೌದಿಯ ಹಿಂದಿನಿಂದ ಅವಳನ್ನೆತ್ತಿ ಎದೆಗವಚಿಕೊಂಡರು.

"ಬೆಳಿಗ್ಗೆ ನಮ್ಮ ಹಸು ಕರು ಹಾಕ್ತು. ಈಗ ಕೂಸನ್ನ ನೋಡ್ಕೊಳ್ಳಕ್ಕಾಗಲ್ಲ, ನಿಮ್ಮ ಹತ್ರಾನೇ ಇರ್ಲಿ ಅಂತ ಹೇಳಿ ಹೋಗೋಕೇ ಬಂದಿದ್ದೆ."

ಎರ್ಗಶನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಖಾಲಿ ತೊಟ್ಟಿಲು ತೂಗೋರ ಕೈಲಿ ಬಿಟ್ಟು ಹೋಗಲಾ? ನಾನೇ ಇಲ್ಲಿರ್ತೀನಿ."

"ಹಸುವಿನ ಗತಿ, ಅತ್ತೆ?" ಎಂದ ಎರ್ಗಶ್, ಕೊನೆಯ ಆಸೆಯಿಂದ.

"ಅದಕ್ಕೇನಂತೆ? ಮಗ್ಗದ ಕೋಣೆ ಖಾಲಿ ಮಾಡಿ. ಕರುವಿಗೆ ಗಾಳಿ ತಾಗಬಾರದು."