ಸತ್ತ ಮೇಲೂ ಒಂದು ಕುರ್ಚಿ

ದಪ್ಪಗಿರುವವನಿಗೆ ಬುದ್ಧಿ ಹೇಳದವರು ಈ ಲೋಕದಲ್ಲಿ ಇಲ್ಲ. ಕೃಷ್ಣರಾಜನಗರದ ನನ್ನ ಗೊಬ್ಬರದಂಗಡಿಗೆ ಬಂದ ಗಿರಾಕಿ ಯೂರಿಯಾ ಕೇಳುವ ಮೊದಲು, ಬಿಸಿನೀರಿಗೆ ಜೇನುತುಪ್ಪ ಹಾಕಿಕೊಂಡು ಕುಡಿಯಿರಿ ಎನ್ನುತ್ತಾನೆ. ಡಾಕ್ಟರು ಹೃದಯದ ಹೆಸರು ಹೇಳಿ ಹೆದರಿಸಿದರು. ಹೆಂಡತಿ ಗಿರಿಜಾ ಅತ್ತಳು. ನಾನು ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ನನ್ನನ್ನು ಬಗ್ಗಿಸಿದ್ದು ಒಂದು ಕುರ್ಚಿ.

ಕುರ್ಚಿಗೂ ನನಗೂ ಮೊದಲಿಂದಲೂ ಆಗಿಬರುವುದಿಲ್ಲ. ಮದುವೆಮನೆಯಲ್ಲಿ ನನ್ನನ್ನು ಕಂಡೊಡನೆ ಯಾರಾದರೂ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಇಟ್ಟು, "ಆರಾಮಾಗಿ ಕೂತ್ಕಳಿ" ಎನ್ನುತ್ತಾರೆ. ಅದನ್ನು ನೋಡಿ ನಗುವವರಿಗಿಂತ, ನೋಡಿಯೂ ನೋಡದಂತಿರುವ ಸಂಭಾವಿತರ ಮೇಲೆ ನನಗೆ ಹೆಚ್ಚು ಸಿಟ್ಟು. ಬೇರೆಯವರು ಸತ್ತ ಮೇಲಾದರೂ ಮಲಗುತ್ತಾರೆ. ನಾವು ಲಿಂಗಾಯತರು, ಸತ್ತ ಮೇಲೂ ಕೂರಬೇಕು. ಬಿದಿರಿನ ವಿಮಾನ ಕಟ್ಟಿ, ಹೂವು ಸುತ್ತಿ, ಅದರಲ್ಲಿ ಹೆಣವನ್ನು ಕೂರಿಸಿ ಹೆಗಲ ಮೇಲೆ ಹೊತ್ತು, ಕೂತ ಹಾಗೆಯೇ ಗುಂಡಿಗೆ ಇಳಿಸುತ್ತಾರೆ.

ನಮ್ಮ ನೆಂಟರಲ್ಲಿ ಯಾರು ಹೋದರೂ ವಿಮಾನ ಕಟ್ಟುತ್ತಿದ್ದವನು ದೊಡ್ಡಪ್ಪನ ಮಗ ನಂಜುಂಡಣ್ಣ. ಕಡ್ಡಿಯಂಥ ಆಳು, ಹೊರುವಾಗಲೂ ಮುಂದಿನ ಹೆಗಲು ಅವನದೇ. ಗಾವಡಗೆರೆಯಲ್ಲಿ ಸೋದರಮಾವ ತೀರಿಕೊಂಡ ದಿನ ಹಗ್ಗ ಬಿಗಿಯುತ್ತಿದ್ದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಸಿವಣ್ಣ, ನಿಂಗೆ ಈ ಬಿದ್ರು ತಾಳಾಕಿಲ್ಲ ಕಣ್ಲಾ. ಕಬ್ಣದ್ದೇ ಮಾಡುಸ್ಬೇಕು. ಇಳ್ಸಾಕೆ ಜೆಸಿಬಿಗೆ ಏಳ್ತೀನಿ ಬುಡು."

ಸಾವಿನ ಮನೆ ಎಂಬುದನ್ನೂ ಮರೆತು ಜನ ನಕ್ಕರು. ನಾನೂ ನಕ್ಕೆ. ಗಿರಿಜಾ ನಗಲಿಲ್ಲ. ಅಲ್ಲಿ ನಿಂತಿದ್ದ ಗಂಡಸರ ಹೆಗಲುಗಳನ್ನು ಒಂದೊಂದಾಗಿ ನೋಡಿದಳು. ಮುಂದೊಂದು ದಿನ ಇವರಿಗೆಲ್ಲ ಕೈಮುಗಿದು, ದಯವಿಟ್ಟು ಹೊರಿ ಎಂದು ಬೇಡಬೇಕಾದವಳು ಅವಳೇ ತಾನೆ.

ಮಾರನೆಯ ದಿನವೇ ಅನ್ನ ಬಿಟ್ಟೆ. ಕಾಲುವೆಯ ಏರಿ ಮೇಲೆ ಏದುಸಿರು ಬಿಡುತ್ತ ನಡೆದೆ. ಅವರೆಕಾಳಿನ ಸಾರಿನ ಘಮಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಜನ ಆರೋಗ್ಯಕ್ಕೋ ಚೆಂದಕ್ಕೋ ತೆಳ್ಳಗಾಗುತ್ತಾರಂತೆ. ನಾನು ತೆಳ್ಳಗಾದದ್ದು ಹೆಣವಾದಾಗ ನಗೆಪಾಟಲಾಗಬಾರದೆಂದು. ಮೈ ಇಳಿದ ಮೇಲೆ ಅದೇ ಗಿರಾಕಿಗಳು ದನಿ ತಗ್ಗಿಸಿ, "ಏನ್ರೀ, ಸುಗರ್ರಾ?" ಎಂದರು.

ಅಷ್ಟರಲ್ಲಿ ನಂಜುಂಡಣ್ಣ ಗದ್ದೆ ಬದುವಿನ ಮೇಲೆ ಕುಸಿದು ತೀರಿಹೋದ. ಹೃದಯಾಘಾತವಂತೆ. ಡಾಕ್ಟರು ನನಗೆಂದು ಹೇಳಿದ್ದು ವಿಳಾಸ ತಪ್ಪಿ ಅವನ ಬಳಿ ಹೋಗಿತ್ತು. ಕಟ್ಟುವವನೇ ಇಲ್ಲದೆ ವಿಮಾನ ಸೊಟ್ಟಗಾಯಿತು. ಇಷ್ಟು ವರ್ಷ ನನ್ನ ಹೊಟ್ಟೆ ಅಡ್ಡ ಬರುತ್ತದೆಂದು ಯಾರೂ ಹೊರಲು ಕರೆದಿರಲಿಲ್ಲ. ಅಂದು, "ಬಾ ಸಿವಣ್ಣ, ಈಗ ನಿನ್ ಕೈಲಾಯ್ತದೆ, ಎಗ್ಲು ಕೊಡು" ಎಂದರು. ಮುಂದಿನ ಹೆಗಲೇ ಕೊಟ್ಟೆ. ಅವನು ಭಾರವೇ ಇರಲಿಲ್ಲ. ಅಳು ಬರುವ ಮೊದಲು ಸಿಟ್ಟು ಬಂತು. ಈ ಮನುಷ್ಯನ ಹೆಗಲಿಗೆ ಭಾರವಾಗಬಾರದೆಂದೇ ಅಲ್ಲವೆ ನಾನು ಅಷ್ಟು ದಿನ ಅನ್ನ ಬಿಟ್ಟದ್ದು!

ಮನೆಗೆ ಬಂದು ಸ್ನಾನ ಮಾಡಿ ಉಣ್ಣಲು ಕೂತೆ. ಗಿರಿಜಾ ತಟ್ಟೆ ತುಂಬ ಅನ್ನ ಬಡಿಸಿದಳು. ನಾನು ಬೇಡ ಎನ್ನಲಿಲ್ಲ. ಇನ್ನು ನನ್ನನ್ನು ಹೊರುವವರು ಯಾರೋ, ಯಾರಾದರೂ ಆಗಲಿ, ಸ್ವಲ್ಪ ಕಷ್ಟಪಡಲಿ.