ಡಿಜಿಟಲ್ ತಿಪ್ಪೇಶ

ಕೊಟ್ಟೂರಿನ ಅರಬ್ಬಿ ಕಾಲೇಜಿನಲ್ಲಿ ಕರೆಂಟು ಹೋದದ್ದು ತಪಾಸಣಾ ಸಮಿತಿ ಬರುವುದಕ್ಕೆ ಸರಿಯಾಗಿ ಐದು ನಿಮಿಷ ಮೊದಲು. ಸ್ಮಾರ್ಟ್ ಬೋರ್ಡು ಕಣ್ಣು ಮುಚ್ಚಿತು. ಗಣಿತದ ಅತಿಥಿ ಉಪನ್ಯಾಸಕ ತಿಪ್ಪೇಶನ ಜೀವ ಬಾಯಿಗೆ ಬಂತು. ಆಡಳಿತ ಮಂಡಳಿ 'ಡಿಜಿಟಲ್ ಕ್ಯಾಲ್ಕುಲಸ್ ಬೋಧಕ' ಎಂಬ ಕಾಯಂ ಹುದ್ದೆ ಹುಟ್ಟುಹಾಕಿತ್ತು. ಸಮಿತಿ ಮೆಚ್ಚಿದರೆ ಅದು ಅವನದು. ಆರು ವರ್ಷ ಕೂಡ್ಲಿಗಿ ಬಸ್ಸಿನಲ್ಲಿ ನಿಂತೇ ಬಂದವನಿಗೆ ಕೂರಲು ಸಿಗಬಹುದಾದ ಮೊದಲ ಕುರ್ಚಿ ಅದು.

ಸಹಾಯಕ್ಕೆ ಬಂದವರಿಗೇನೂ ಕಮ್ಮಿಯಿರಲಿಲ್ಲ. ಗುಮಾಸ್ತ ಅರುಣಕುಮಾರ್ ಬೋರ್ಡಿನ ಬೆನ್ನಿಗೆ ಎರಡು ಗುದ್ದಿದ. ಅರಬ್ಬಿ ವ್ಯಾಕರಣದ ಮೇಷ್ಟ್ರು ಪ್ಲಗ್ ಕಿತ್ತು, ಊದಿ, ಮತ್ತೆ ಚುಚ್ಚಿದರು. ಕರೆಂಟೇ ಇಲ್ಲ ಎಂದು ತಿಪ್ಪೇಶ ಹೇಳಿದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಪ್ರಿನ್ಸಿಪಾಲ್ ಜಿಲಾನಿ ಸಾಹೇಬರು ಸಮಿತಿಯನ್ನು ಕರೆತಂದೇಬಿಟ್ಟರು. ತಿಪ್ಪೇಶನಿಗೆ ಏನು ಹೊಳೆಯಿತೋ, ಹುಡುಗರನ್ನೆಲ್ಲ ಎಬ್ಬಿಸಿಕೊಂಡು ಅಂಗಳಕ್ಕೆ ಹೋದ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ನೀರಿನ ತೊಟ್ಟಿ ಅಲ್ಲಿತ್ತು. ಅದರಲ್ಲಿ ಅಳತೆಗೋಲು ನಿಲ್ಲಿಸಿ, ನಲ್ಲಿಗಳನ್ನೆಲ್ಲ ತೆರೆಸಿದ.

"ನೋಡ್ರಿ, ತುಂಬಿದಾಗ ನೀರು ಭರ್ರಂತ ಓಡತೈತಿ, ಇಳಿದಂಗ ಇಳಿದಂಗ ಮೆತ್ತಗಾಗತೈತಿ. ಈ ಗಳಿಗಿಗೆ ಎಷ್ಟು ಜೋರು ಅಂತ ಲೆಕ್ಕ ಹಾಕೋದ ಕ್ಯಾಲ್ಕುಲಸ್ಸು."

ಸೂತ್ರ ಕಂಡರೆ ತೂಕಡಿಸುತ್ತಿದ್ದ ಹುಡುಗರು ಅಂಗಿಯ ತೋಳು ಮಡಚಿ ಅಳೆದರು, ಜಗಳಾಡಿದರು, ನೆಲದ ಮೇಲೆ ಇದ್ದಿಲಿನಿಂದ ವಕ್ರರೇಖೆ ಬರೆದರು. ಸಮಿತಿಯ ಹಿರಿಯರು ಮೂಗಿನ ಮೇಲೆ ಬೆರಳಿಟ್ಟರು. ತಿಪ್ಪೇಶ ಉಬ್ಬಿಹೋದ. ಪಾಠ ಮುಗಿಯುವುದಕ್ಕೂ, ತೊಟ್ಟಿಯ ತಳ ಕಾಣುವುದಕ್ಕೂ, ಮಧ್ಯಾಹ್ನದ ಅಜಾನ್ ಕೇಳುವುದಕ್ಕೂ ಸರಿಹೋಯಿತು.

ಹಿರಿಯರು ಷರಾಯಿ ಮಡಚಿ ನಲ್ಲಿಯ ಮುಂದೆ ಕುಳಿತರು. ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕರೆಂಟಿಲ್ಲದೆ ಮೋಟರೂ ಓಡದು. ನಮಾಜಿಗೆ ಬಂದವರೆಲ್ಲ ತಿಪ್ಪೇಶನನ್ನು ತಲೆಗೊಂದರಂತೆ ಬೈದರು. ಎದುರು ಮನೆಯ ಹುಲುಗಮ್ಮ ತನ್ನ ಪಾಲಿನ ಬೈಗುಳದ ಜತೆಗೆ ಒಂದು ಕೊಡವನ್ನೂ ಕೊಟ್ಟಳು. ಅವಳ ಮನೆಯಿಂದ ಅವನು ಹದಿನೆಂಟು ಕೊಡ ನೀರು ಹೊತ್ತ.

ಸಂಜೆ ಜಿಲಾನಿ ಸಾಹೇಬರು ಸಮಿತಿಯ ವರದಿ ಹಿಡಿದು, ಒದ್ದೆ ಅಂಗಿಯಲ್ಲೇ ಇದ್ದ ಅವನನ್ನು ಅಪ್ಪಿಕೊಂಡರು.

"ಮಾಷಾ ಅಲ್ಲಾ, ಇಂಥ ಪಾಠ ಎಲ್ಲೂ ನೋಡಿಲ್ಲ ಅಂತ ಬರದಾರ. ಕಾಲೇಜಿಗೆ ಪೂರ್ತಿ ಅಂಕ."

"ನನ್ನ ಹುದ್ದಿ, ಸಾಹೇಬ್ರ?"

ಸಾಹೇಬರು ನಿಧಾನವಾಗಿ ಪುಟ ತಿರುವಿದರು.

"ಇಂಥ ಮೇಷ್ಟ್ರು ಇರೋ ಕಡಿ ಡಿಜಿಟಲ್ ಯಾತಕ್ಕ, ಬೋರ್ಡು, ಹುದ್ದಿ ಎರಡೂ ನಮ್ಮ ಹರಪನಹಳ್ಳಿ ಶಾಖೆಗೆ ಕಳಸ್ರಿ ಅಂತ ಬರದಾರ. ನಾಳಿ ನೀವ ಹೋಗಿ, ಅಲ್ಲಿ ಆ ಹುದ್ದಿಗೆ ಕಾಯಂ ಆಗೋರಿಗೆ ಬೋರ್ಡು ನಡಸೋದು ಕಲಿಸಿ ಬರಬೇಕಂತ."